ಅಪ್ಪನ 386 ಒಳಗೆ ಮಗ್ಗದ ಪದಗಳಿವೆ, ಆನ್ ಮಾಡುವುದು ಹೇಗೆ?

ಕಬ್ಬನ್‌ಪೇಟೆ ಮನೆ · ಶನಿವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಅಟ್ಟದ ಮೇಲಿದ್ದ ಅಪ್ಪನ ಹಳೇ ಕಂಪ್ಯೂಟರ್ ಕೆಳಗಿಳಿಸಿದ್ದೇನೆ. 386, 40 ಮೆಗಾಹರ್ಟ್ಸ್, ರ‍್ಯಾಮ್ 4 ಎಂಬಿ. 1994ರಲ್ಲಿ ತಗೊಂಡಿದ್ದು. 2001ರ ಮೇಲೆ ಆನ್ ಮಾಡಿಯೇ ಇಲ್ಲ.

ಅಪ್ಪ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ನಮ್ಮ ಬೀದಿಯ ನೇಕಾರರ ಹತ್ತಿರ ಕೂತು ಮಗ್ಗದ ಪದಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಲಾಳಿ, ಕಂಡಿಕೆ, ಹಾಸು, ಹೊಕ್ಕು ಅಂತ ಶುರುವಾದ ಪಟ್ಟಿ ಸಾವಿರ ದಾಟಿತ್ತು ಅಂತಾರೆ. ಚೀಟಿಗಳೆಲ್ಲ ಒಂದು ಮಳೆಗಾಲದಲ್ಲಿ ಸೋರಿ, ನೆನೆದು ಹೋದವು. ಉಳಿದಿರುವುದು ಈ ಡಬ್ಬದೊಳಗೆ ಮಾತ್ರ. ಪದ ಹೇಳಿಕೊಟ್ಟವರಲ್ಲಿ ಈಗ ಬೀದಿಯಲ್ಲಿ ಇಬ್ಬರೇ ಇದ್ದಾರೆ.

ಹೋದ ತಿಂಗಳು ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ. "ಗುಜರಿಗೆ ಹಾಕಿ ಸರ್, ಬೇಕಾದರೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಕೊಡ್ತೀವಿ" ಅಂದರು. ಎತ್ತಿಕೊಂಡು ವಾಪಸ್ ಬಂದೆ. ಒಳಗೆ ಒಂದು ಉದ್ದನೆಯ ಕಾರ್ಡ್ ಇದೆ, ಅದರ ಮೇಲೆ ಜಿಸ್ಟ್ ಅಂತ ಬರೆದಿದೆ. ನೇರವಾಗಿ ಪ್ಲಗ್ ಹಾಕಿ ನೋಡಲಾ?

ಹಳೇ ಸರ್ವಿಸ್ ಇಂಜಿನಿಯರ್ · ಶನಿವಾರ ರಾತ್ರಿ 9:31

ಪ್ಲಗ್ ಹಾಕಬೇಡಿ! ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸುಮ್ನೆ ಕೂತ ಯಂತ್ರ ಅದು. ಮೊದಲು ಕ್ಯಾಬಿನೆಟ್ ಬಿಚ್ಚಿ.

ಹಿಂದೆ ಪವರ್ ಸಪ್ಲೈ ಮೇಲೆ ಒಂದು ಕೆಂಪು ಸ್ವಿಚ್ ಇರುತ್ತದೆ, 115 ಮತ್ತು 230 ಅಂತ. ಅದು 230ರಲ್ಲಿ ಇದೆಯಾ ನೋಡಿ. ಮಕ್ಕಳು ಯಾರಾದರೂ ಆಟಕ್ಕೆ ತಳ್ಳಿ 115ಕ್ಕೆ ಬಂದಿದ್ದರೆ, ನಮ್ಮ ಮನೆಯ 230 ವೋಲ್ಟ್ ಕೊಟ್ಟ ಕ್ಷಣ ಕೆಪಾಸಿಟರ್ ಸಿಡಿಯುತ್ತದೆ.

ಆಮೇಲೆ ಮದರ್‌ಬೋರ್ಡಿನಲ್ಲಿ ಕೀಬೋರ್ಡ್ ಕನೆಕ್ಟರ್ ಹತ್ತಿರ ನೋಡಿ. ಪೀಪಾಯಿ ಆಕಾರದ ಸಣ್ಣ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ನೀಲಿ ಬಣ್ಣ, 3.6 ವೋಲ್ಟ್. ಆ ಕಾಲದ ಬೋರ್ಡುಗಳನ್ನು ಕೊಂದಿದ್ದು ವಯಸ್ಸಲ್ಲ, ಇದೇ ಬ್ಯಾಟರಿ. ನಿಕಲ್ ಕ್ಯಾಡ್ಮಿಯಂ ಸೆಲ್ ಸೋರಿದರೆ ಕ್ಷಾರ ಹೊರಗೆ ಬಂದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಕಾಣಿಸಿದರೆ ಫೋಟೋ ಹಾಕಿ.

ಪವರ್ ಸಪ್ಲೈನಿಂದ ಬೋರ್ಡಿಗೆ ಎರಡು ಕನೆಕ್ಟರ್ ಹೋಗಿರುತ್ತವೆ, ಪಿ8 ಮತ್ತು ಪಿ9. ತೆಗೆದರೆ ವಾಪಸ್ ಹಾಕುವಾಗ ಎರಡರ ಕಪ್ಪು ವೈರುಗಳೂ ನಡುವೆ ಪಕ್ಕ ಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡ್ ಸುಟ್ಟು ಹೋಗುತ್ತದೆ. ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೇ ಅಂಟಿಸಿ.

ಜಯನಗರ 4ನೇ ಬ್ಲಾಕ್ · ಶನಿವಾರ ರಾತ್ರಿ 10:05

ಭಾವನೆ ಅರ್ಥವಾಗುತ್ತದೆ. ಆದರೂ ನನ್ನ ಮಾತು ಇಷ್ಟೇ: ಬೇಕಿರುವುದು ಪದಪಟ್ಟಿ, ಯಂತ್ರ ಅಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸಿ, ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಳ್ಳಿ. ಉಳಿದದ್ದನ್ನು, ಹಳೇ ಡಾಸ್ ಪ್ರೋಗ್ರಾಂಗಳನ್ನು ಈಗಿನ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಓಡಿಸಬಹುದು. ಬೋರ್ಡಿಗೆ ಬೆಸುಗೆ ಹಾಕುತ್ತಾ ಕೂತರೆ ಅಷ್ಟರಲ್ಲಿ ಡಿಸ್ಕೇ ಕೈಕೊಟ್ಟರೆ?

ಹಳೇ ಸರ್ವಿಸ್ ಇಂಜಿನಿಯರ್ · ಶನಿವಾರ ರಾತ್ರಿ 10:18

ಕಾಪಿ ಮೊದಲು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಆ ಕಾಲದ ಡಿಸ್ಕ್ ಯುಎಸ್‌ಬಿ ಅಡಾಪ್ಟರ್‌ಗೆ ಬಗ್ಗುವುದಿಲ್ಲ. ಅಡಾಪ್ಟರುಗಳು ಬಹುತೇಕ ಎಲ್‌ಬಿಎ ಲೆಕ್ಕದಲ್ಲಿ, ಅಂದರೆ ಸೆಕ್ಟರಿನ ಕ್ರಮಸಂಖ್ಯೆ ಹೇಳಿ ಕೇಳುತ್ತವೆ. ಈ ಡಿಸ್ಕಿಗೆ ಗೊತ್ತಿರುವುದು ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ ಮಾತ್ರ. ಅದನ್ನು ಓದಲು ಅದರ ಕಾಲದ ಬೋರ್ಡೇ ಸರಿ. ಅದಕ್ಕೇ ಯಂತ್ರ ಬೇಕು ಅಂತ ಹೇಳುತ್ತಿರುವುದು.

ಕಬ್ಬನ್‌ಪೇಟೆ ಮನೆ · ಭಾನುವಾರ ಬೆಳಿಗ್ಗೆ 11:40

ಬಿಚ್ಚಿದೆ. ಸ್ವಿಚ್ 230ರಲ್ಲೇ ಇದೆ. ಬ್ಯಾಟರಿ ಸೋರಿದೆ. ಒಂದು ತುದಿಯಲ್ಲಿ ಬಿಳಿ ಪುಡಿ, ಅದರ ಸುತ್ತ ಎರಡು ಬೆರಳಗಲ ಹಸಿರು. ಹಳೇ ಹಿತ್ತಾಳೆ ಚೊಂಬಿನ ಕಿಲುಬು ಇರುತ್ತದಲ್ಲ, ಅದೇ ಬಣ್ಣ. ಕೀಬೋರ್ಡ್ ಕನೆಕ್ಟರ್ ಕಾಲುಗಳ ತನಕ ಹರಿದಿದೆ. ನೋಡಿ ತುಂಬಾ ಬೇಜಾರಾಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಹಳೇ ಸರ್ವಿಸ್ ಇಂಜಿನಿಯರ್ · ಭಾನುವಾರ ಮಧ್ಯಾಹ್ನ 12:10

ಬೇಜಾರು ಬೇಡ, ಇದಕ್ಕಿಂತ ಕೆಟ್ಟದ್ದನ್ನು ಎಬ್ಬಿಸಿದ್ದೇನೆ. ಕಾರ್ಡುಗಳನ್ನೆಲ್ಲ ತೆಗೆದಿಡಿ, ಬೋರ್ಡನ್ನು ಹೊರಗೆ ತನ್ನಿ. ಬ್ಯಾಟರಿ ಕಾಲುಗಳನ್ನು ಕಟ್ ಮಾಡಿ ಎಸೆಯಿರಿ, ಮನೆಯ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯಕ್ಕೆ. ಬಿಳಿ ವಿನೆಗರ್‌ನಲ್ಲಿ ಹಳೇ ಟೂತ್‌ಬ್ರಶ್ ಅದ್ದಿ ಹಸಿರು ಇದ್ದಲ್ಲಿ ಮಾತ್ರ ಉಜ್ಜಿ. ಸೋರಿರುವುದು ಕ್ಷಾರ, ವಿನೆಗರ್ ಹುಳಿ. ಸಣ್ಣಗೆ ನೊರೆ ಬರುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಎರಡು ದಿನ ಫ್ಯಾನ್ ಕೆಳಗೆ ಒಣಗಲಿ. ಈ ಮಳೆಗೆ ಒಂದು ದಿನ ಸಾಲದು.

ರ‍್ಯಾಮ್ ತೆಗೆದರೆ ಯಾವುದು ಯಾವ ಸಾಕೆಟ್ ಅಂತ ಗುರುತು ಹಾಕಿ. 30 ಪಿನ್ನಿನ ಪಟ್ಟಿಗಳು, ಒಂದೊಂದು 8 ಬಿಟ್. 386 ಡಿಎಕ್ಸ್‌ಗೆ ಒಟ್ಟಿಗೆ 32 ಬೇಕು, ಹಾಗಾಗಿ ನಾಲ್ಕೂ ಸರಿ ಇರಬೇಕು. ಒಂದು ಹೋದರೂ ಯಂತ್ರ ಏಳುವುದಿಲ್ಲ.

ಫ್ಲಾಪಿ ಡಬ್ಬ · ಭಾನುವಾರ ಮಧ್ಯಾಹ್ನ 3:25

ಫ್ಲಾಪಿಗಳೂ ಸಿಕ್ಕಿವೆಯಾ? ಸಿಕ್ಕಿದ್ದರೆ ದಯವಿಟ್ಟು ಒಂದನ್ನೂ ಡ್ರೈವಿಗೆ ಹಾಕಬೇಡಿ. ಮೊದಲು ಶಟರ್ ಪಕ್ಕಕ್ಕೆ ಸರಿಸಿ, ಬೆಳಕಿಗೆ ಹಿಡಿದು, ಕೈಯಲ್ಲೇ ನಿಧಾನವಾಗಿ ತಿರುಗಿಸಿ ನೋಡಿ. ನಮ್ಮೂರಿನ ಅಟ್ಟದಲ್ಲಿ ಇಟ್ಟ ಫ್ಲಾಪಿಗೆ ಬೂಷ್ಟು ಹಿಡಿಯುವುದು ಜಾಸ್ತಿ. ಕಂದು ಹಾಳೆಯ ಮೇಲೆ ಬೂದು ಚುಕ್ಕಿ ಇದ್ದರೆ ಅದೇ. ಹಾಗೇ ಹಾಕಿದರೆ ಡ್ರೈವಿನ ಹೆಡ್ಡಿಗೆ ಬೂಷ್ಟು ಮೆತ್ತಿ, ಮುಂದಿನ ಒಳ್ಳೆ ಫ್ಲಾಪಿಯನ್ನೂ ಗೀರುತ್ತದೆ. ನಾನು ಹೀಗೆ ನಾಲ್ಕು ಕಳೆದುಕೊಂಡಿದ್ದೇನೆ, ಅದರಲ್ಲಿ ಒಂದು ನನ್ನ ಡಿಪ್ಲೊಮಾ ಪ್ರಾಜೆಕ್ಟ್.

ತೀರಾ ಹಾಳಾದದ್ದಿದ್ದರೆ ನನ್ನ ಹತ್ತಿರ ಗ್ರೀಸ್‌ವೀಸಲ್ ಬೋರ್ಡ್ ಇದೆ. ಅದು ಫೈಲ್ ಕೇಳುವುದಿಲ್ಲ, ಹಾಳೆಯ ಮೇಲಿನ ಕಾಂತದ ಏರಿಳಿತವನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ. ಓದಲಾಗದ ಸೆಕ್ಟರನ್ನು ಹತ್ತಾರು ಸಲ ಓದಿಸಿ ಜೋಡಿಸಬಹುದು. ಸೀರಿಯಲ್ ಪೋರ್ಟ್ ಇರುವ ಹಳೇ ಪೆಂಟಿಯಂ ಲ್ಯಾಪ್‌ಟಾಪ್ ಕೂಡ ಇದೆ, ಕೊಡುತ್ತೇನೆ.

ಕಬ್ಬನ್‌ಪೇಟೆ ಮನೆ · ಬುಧವಾರ ರಾತ್ರಿ 8:50

ಉಜ್ಜಿ, ಒಣಗಿಸಿ, ಇವತ್ತು ಆನ್ ಮಾಡಿದೆ. ಒಂದು ಬೀಪ್ ಬಂತು! ರ‍್ಯಾಮ್ ಎಣಿಸಿತು. ಆಮೇಲೆ ಕೀಬೋರ್ಡ್ ಎರರ್ ಅಂತ ನಿಂತಿತು. ಎಸ್‌ಪಿ ರೋಡಿಗೆ ಹೋಗಿ, ದಪ್ಪ ಪಿನ್ನಿನ ಹಳೇ ಕನೆಕ್ಟರ್‌ಗೆ ಹೊಸ ಕೀಬೋರ್ಡ್ ಹಾಕುವ ಕನ್ವರ್ಟರ್ ಕೇಳಿದೆ. ಮೂರು ಅಂಗಡಿಯಲ್ಲಿ ಇಲ್ಲ ಅಂದರು. ನಾಲ್ಕನೇ ಅಂಗಡಿಯ ಹಿರಿಯರು ಏಣಿ ಹತ್ತಿ ಒಂದು ಡಬ್ಬ ಇಳಿಸಿ ಹುಡುಕಿ ಕೊಟ್ಟರು, ದುಡ್ಡು ಬೇಡ ಅಂದರು. ಅದನ್ನು ಹಾಕಿದರೂ ಅದೇ ಎರರ್.

ಹಳೇ ಸರ್ವಿಸ್ ಇಂಜಿನಿಯರ್ · ಬುಧವಾರ ರಾತ್ರಿ 9:15

ಕೀಬೋರ್ಡಿನ ತಪ್ಪಲ್ಲ, ಗೆರೆ ಕಡಿದಿದೆ. ಮಲ್ಟಿಮೀಟರ್ ಬೀಪ್‌ಗೆ ಇಡಿ. ಕನೆಕ್ಟರಿನಲ್ಲಿ ಐದು ಪಿನ್. ಕ್ಲಾಕ್, ಡೇಟಾ, ಗ್ರೌಂಡ್, 5 ವೋಲ್ಟ್, ಒಂದು ಖಾಲಿ. ಒಂದೊಂದನ್ನೂ ಗೆರೆ ಹಿಡಿದು, ಕೀಬೋರ್ಡ್ ನೋಡಿಕೊಳ್ಳುವ 8042 ಚಿಪ್ಪಿನ ತನಕ ನೋಡುತ್ತಾ ಹೋಗಿ. ನಡುವೆ ಸಣ್ಣ ಕಾಯಿಲ್ ಇದ್ದರೆ ಅದರ ಎರಡೂ ಕಡೆ ನೋಡಿ. ಎಲ್ಲಿ ಬೀಪ್ ನಿಲ್ಲುತ್ತದೋ ಅಲ್ಲೇ ಗಾಯ. ಬ್ಲೇಡಿನಿಂದ ಮೇಲಿನ ಹಸಿರು ಲೇಪ ಕೆರೆದು, ಹೊಳೆಯುವ ತಾಮ್ರ ಕಂಡ ಮೇಲೆ ತೆಳು ವೈರ್ ಬೆಸುಗೆ ಹಾಕಿ. 25 ವ್ಯಾಟ್ ಐರನ್ ಸಾಕು, ಜಾಸ್ತಿ ಹೊತ್ತು ಇಟ್ಟರೆ ಗೆರೆಯೇ ಎದ್ದು ಬರುತ್ತದೆ.

ಕಬ್ಬನ್‌ಪೇಟೆ ಮನೆ · ಶುಕ್ರವಾರ ರಾತ್ರಿ 11:02

ಸಿಕ್ಕಿತು ಸರ್. ಕ್ಲಾಕ್ ಗೆರೆ. ಹೊರಗಿನಿಂದ ಸರಿಯಾಗಿಯೇ ಕಾಣುತ್ತಿತ್ತು. ಸೂಜಿಯ ಮೊನೆ ತಾಗಿಸಿದ ಕೂಡಲೇ ಪುಡಿಯಾಗಿ ಉದುರಿತು, ಒಳಗೆ ತಾಮ್ರವೇ ಇರಲಿಲ್ಲ. ಒಂದೂವರೆ ಇಂಚು ವೈರ್ ಹಾಕಿದೆ. ಈಗ ಕೀಬೋರ್ಡ್ ಕೆಲಸ ಮಾಡುತ್ತಿದೆ.

ಆದರೆ ಹಾರ್ಡ್ ಡಿಸ್ಕ್ ಗುರುತು ಹಿಡಿಯುತ್ತಿಲ್ಲ. ಫ್ಲಾಪಿಯಿಂದ ಡಾಸ್ ಬೂಟ್ ಆಯಿತು. 1980 ಜನವರಿ 1, ಮಂಗಳವಾರ ಅಂತ ತೋರಿಸಿ ಸರಿಯಾದ ತಾರೀಖು ಕೇಳಿತು.

ಹಳೇ ಸರ್ವಿಸ್ ಇಂಜಿನಿಯರ್ · ಶುಕ್ರವಾರ ರಾತ್ರಿ 11:20

ಭೇಷ್! ಬ್ಯಾಟರಿ ಇಲ್ಲದ ಡಾಸ್‌ಗೆ ದಿನಾ 1980ರ ಜನವರಿ ಒಂದೇ. ಡಿಸ್ಕಿನ ವಿವರವೂ ಅದರ ಜತೆಗೇ ಮರೆತು ಹೋಗಿದೆ. ಡಿಸ್ಕಿನ ಮೇಲಿನ ಚೀಟಿ ಓದಿ ಹೇಳಿ. ಸೆಟಪ್‌ನಲ್ಲಿ ಟೈಪ್ 47 ಆರಿಸಿ ಅದೇ ಅಂಕಿಗಳನ್ನು ತುಂಬಬೇಕು.

ಹೊಸ ಬ್ಯಾಟರಿಗೆ ಮೂರು ಎಎ ಸೆಲ್ಲಿನ ಹೋಲ್ಡರ್ ಹಾಕಿ, ವೈರ್ ಉದ್ದ ಬಿಟ್ಟು ಕ್ಯಾಬಿನೆಟ್ ಗೋಡೆಗೆ ಅಂಟಿಸಿ. ಮುಂದೆ ಸೋರಿದರೂ ಬೋರ್ಡಿನ ಮೇಲೆ ಬೀಳಬಾರದು. ನಡುವೆ ಒಂದು ಡಯೋಡ್ ಕಡ್ಡಾಯ. ಹಳೇ ಬ್ಯಾಟರಿ ಅಂದುಕೊಂಡು ಬೋರ್ಡ್ ಈ ಸೆಲ್ಲುಗಳನ್ನೂ ಚಾರ್ಜ್ ಮಾಡಲು ಹೊರಡುತ್ತದೆ.

ಕಬ್ಬನ್‌ಪೇಟೆ ಮನೆ · ಶುಕ್ರವಾರ ರಾತ್ರಿ 11:41

762 ಸಿಲಿಂಡರ್, 8 ಹೆಡ್, 39 ಸೆಕ್ಟರ್.

ಹಳೇ ಸರ್ವಿಸ್ ಇಂಜಿನಿಯರ್ · ಶುಕ್ರವಾರ ರಾತ್ರಿ 11:46

ಮೂರನ್ನೂ ಗುಣಿಸಿ, 512 ಬೈಟಿನಿಂದ ಮತ್ತೆ ಗುಣಿಸಿದರೆ ಸುಮಾರು 121 ಎಂಬಿ. ಸರಿಯಾಗಿದೆ. ಒಂದು ಅಂಕಿಯೂ ತಪ್ಪಬಾರದು. ಬೂಟ್ ಆದರೆ ಏನೂ ಬರೆಯಬೇಡಿ, ಆಟ ಆಡಬೇಡಿ. ಪದಪಟ್ಟಿಯನ್ನು ಮೊದಲು ಫ್ಲಾಪಿಗೆ ಇಳಿಸಿ. ಆಮೇಲೆ ಫ್ಲಾಪಿ ಡಬ್ಬ ಮೇಡಂ ಲ್ಯಾಪ್‌ಟಾಪಿಗೆ ನಲ್ ಮೋಡೆಮ್ ಕೇಬಲ್ ಹಾಕಿ. ಫೈಲ್ ಸಾಗಿಸಲು ಡಾಸ್ 6ರ ಜತೆ ಬಂದ ಇಂಟರ್‌ಸರ್ವ್ 386ರಲ್ಲಿ, ಇಂಟರ್‌ಲಿಂಕ್ ಲ್ಯಾಪ್‌ಟಾಪಿನಲ್ಲಿ. ಪೂರ್ತಿ ಡಿಸ್ಕಿಗೆ ಮೂರು ಗಂಟೆಯಾದರೂ ಹಿಡಿಯುತ್ತದೆ. ಕಾಯಿರಿ.

ಕಬ್ಬನ್‌ಪೇಟೆ ಮನೆ · ಭಾನುವಾರ ಸಂಜೆ 6:30

ಫ್ಲಾಪಿ ಡಬ್ಬ ಮೇಡಂ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದಿದ್ದರು. ಡಿಸ್ಕ್ ಮೊದಲ ಸಲ ತಿರುಗಲಿಲ್ಲ, ಎರಡನೇ ಸಲ ಒಂದು ಸಣ್ಣ ಕೂಗು ಹಾಕಿ ಎದ್ದಿತು. ಎಲ್ಲಾ ಕಾಪಿ ಆಗಿದೆ. ಡಿಬೇಸ್ 3 ಪ್ಲಸ್‌ನ ಫೈಲ್ (ಆ ಕಾಲದ ಡೇಟಾಬೇಸ್ ಪ್ರೋಗ್ರಾಂ), ಹೆಸರು ಮಗ್ಗ.

ಆದರೆ ತೆರೆದರೆ ಕನ್ನಡ ಇಲ್ಲ. ಮೊದಲನೇ ಪದದ ಜಾಗದಲ್ಲಿ ಹೀಗಿದೆ:

╤┌╥█

ಪೂರ್ತಿ ಹೀಗೇ, ಗೆರೆ, ಮೂಲೆ, ಚೌಕ. ಡಿಸ್ಕ್ ಕೆಟ್ಟಿದೆಯಾ? ಜಿಸ್ಟ್ ಕಾರ್ಡನ್ನು ಇನ್ನೂ ವಾಪಸ್ ಹಾಕಿಲ್ಲ.

ಅಕ್ಷರ ಲೆಕ್ಕ · ಭಾನುವಾರ ರಾತ್ರಿ 7:55

ಕೆಟ್ಟಿಲ್ಲ! ಒಂದು ಬೈಟೂ ಕೆಟ್ಟಿಲ್ಲ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇದನ್ನು ನೋಡಿ ಬರೆಯದೆ ಇರಲಾಗಲಿಲ್ಲ.

ಆ ನಾಲ್ಕು ಗುರುತುಗಳು ಡಾಸ್‌ನಲ್ಲಿ 209, 218, 210, 219ನೇ ಅಕ್ಷರಗಳು. ಅಮೆರಿಕದ ಪಿಸಿಯಲ್ಲಿ ಆ ಜಾಗದಲ್ಲಿ ಪೆಟ್ಟಿಗೆ ಬಿಡಿಸುವ ಗೆರೆಗಳಿದ್ದವು. ಇಸ್ಕಿ ಅನ್ನುವ ಭಾರತೀಯ ಅಕ್ಷರಗಳ ಸಂಕೇತ ಪಟ್ಟಿಯಲ್ಲಿ ಅದೇ ಜಾಗದಲ್ಲಿ ನಮ್ಮ ಅಕ್ಷರಗಳು. 209 ಅಂದರೆ ಲ. 218 ಅಂದರೆ ಇಳಿ. 210 ಅಂದರೆ ಳ. 219 ಅಂದರೆ ಗುಡಿಸು. ಜೋಡಿಸಿ ಓದಿ: ಲಾಳಿ.

ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸ ಇದು, ಆಮೇಲೆ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ಗೆ ಬಂತು. ಜಿಸ್ಟ್ ಕಾರ್ಡ್ ಮಾಡುತ್ತಿದ್ದುದು ಇಷ್ಟೇ: ಡಿಬೇಸ್‌ಗೆ ಕನ್ನಡ ಅನ್ನುವುದೇ ಗೊತ್ತಿಲ್ಲ, ಅದು ಬರೀ ಬೈಟ್ ಎಣಿಸುತ್ತದೆ. ಕಾರ್ಡ್ ನಡುವೆ ನಿಂತು ಆ ಬೈಟುಗಳನ್ನು ಪರದೆಯ ಮೇಲೆ ಒತ್ತಕ್ಷರ ಸಮೇತ ಬಿಡಿಸುತ್ತಿತ್ತು. ಸಂಕೇತಗಳ ಪಟ್ಟಿಯನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಅಂತ ಗೊತ್ತುಮಾಡಿತು. ಬ್ರಾಹ್ಮಿಯಿಂದ ಬಂದ ಮುಖ್ಯ ಭಾರತೀಯ ಲಿಪಿಗಳಿಗೆಲ್ಲ ಅದೇ ಪಟ್ಟಿ. ಕ ಅಂದರೆ ಕನ್ನಡದಲ್ಲೂ 179, ತೆಲುಗಿನಲ್ಲೂ 179. ಯೂನಿಕೋಡ್‌ನಲ್ಲಿ ನಮ್ಮ ಅಕ್ಷರಗಳ ಸಾಲು ಇಸ್ಕಿಯ 1988ರ ಪಟ್ಟಿಯಿಂದಲೇ ಬಂದಿದ್ದು.

ನಿಮ್ಮ ಅಪ್ಪ ಇಸ್ಕಿ ಆರಿಸಿಕೊಂಡಿದ್ದು ನಮ್ಮ ಪುಣ್ಯ. ಆಮೇಲೆ ಬಂದ ಎಷ್ಟೋ ಫಾಂಟುಗಳಲ್ಲಿ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗಕ್ಕೆ ತುರುಕಿದ್ದರು. ಅವನ್ನು ಬಿಡಿಸುವುದು ಬಹಳ ಕಷ್ಟ. ಇಲ್ಲಿ ಉಚ್ಚರಿಸುವ ಕ್ರಮದಲ್ಲೇ ಅಕ್ಷರಗಳಿವೆ.

ಪರಿವರ್ತನೆ ಮಾಡುವವರು ಎರಡು ಕಡೆ ಹುಷಾರಾಗಿರಿ. ಹಲಂತ, ಅಂದರೆ 232, ಎರಡು ಸಲ ಒಟ್ಟಿಗೆ ಬಂದರೆ ಅಲ್ಲಿ ಒತ್ತಕ್ಷರ ಆಗಬಾರದು ಅಂತ ಅರ್ಥ. ಅಲ್ಲಿ ಒಂದು ಹಲಂತ ಬರೆದು, ಅದಾದ ಮೇಲೆ ಯೂನಿಕೋಡ್‌ನ ಕಾಣದ ತಡೆಗುರುತು ಹಾಕಬೇಕು. ಇನ್ನೊಂದು, ಪದದ ವಿವರ ಡಿಬಿಟಿ ಫೈಲಿನಲ್ಲಿರುತ್ತದೆ, ಅದನ್ನೂ ಕಾಪಿ ಮಾಡಿದ್ದೀರಿ ತಾನೆ? ಅದರಲ್ಲಿ 141 ಬಂದರೆ ಅಕ್ಷರ ಅಲ್ಲ, ಸಾಲು ಮಡಚಿದ ಗುರುತು.

ಬಿಇ ಮೂರನೇ ವರ್ಷ · ಭಾನುವಾರ ರಾತ್ರಿ 8:20

ಸರ್, ನಾನು ಪೈಥಾನ್‌ನಲ್ಲಿ ಬರೆದುಕೊಡಲಾ? ಪಟ್ಟಿ ಸಿಕ್ಕರೆ ಸಾಕು.

ಜಯನಗರ 4ನೇ ಬ್ಲಾಕ್ · ಭಾನುವಾರ ರಾತ್ರಿ 9:10

ಒಂದು ಮಾತು ವಾಪಸ್ ತಗೊಳ್ಳುತ್ತೇನೆ. ಡಾಸ್‌ಬಾಕ್ಸ್‌ನಲ್ಲಿ ಜಿಸ್ಟ್ ಕಾರ್ಡ್ ಇಲ್ಲ. ನಾನು ಹೇಳಿದ ಹಾಗೆ ಮಾಡಿದ್ದರೆ ಗೆರೆಗಳನ್ನು ನೋಡಿ ಫೈಲ್ ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಡುತ್ತಿದ್ದೆವು. ಆದರೂ ಈಗ ಪಟ್ಟಿ ಯೂನಿಕೋಡ್‌ಗೆ ಬರುತ್ತದೆ. ಇನ್ನೂ ಯಂತ್ರ ಬೇಕಾ? ನಿಜವಾಗಿ ಕೇಳುತ್ತಿದ್ದೇನೆ.

ಅಕ್ಷರ ಲೆಕ್ಕ · ಭಾನುವಾರ ರಾತ್ರಿ 9:32

ಬೇಕು. ನಮ್ಮ ಪರಿವರ್ತನೆ ಸರಿಯೋ ತಪ್ಪೋ ಅಂತ ಯಾವುದಕ್ಕೆ ಹೋಲಿಸಿ ನೋಡುತ್ತೀರಿ? ಆ ಕಾರ್ಡ್ ಬಿಡಿಸಿದ ಪರದೆಯೇ ಮೂಲ ಪ್ರತಿ. ಕರಡು ತಿದ್ದುವವರು ಮೂಲ ಎದುರಿಗಿಲ್ಲದೆ ತಿದ್ದುತ್ತಾರಾ?

ಬಿಇ ಮೂರನೇ ವರ್ಷ · ಮಂಗಳವಾರ ರಾತ್ರಿ 12:48

ಮುಗಿಯಿತು. ಒಟ್ಟು 1,214 ಪದ. ಆದರೆ ಒಂದು ವಿಷಯ ಅರ್ಥವಾಗಲಿಲ್ಲ. ಪ್ರತಿ ದಾಖಲೆಯ ಮೊದಲ ಬೈಟ್ ಖಾಲಿ ಜಾಗ. 87 ಕಡೆ ಮಾತ್ರ ನಕ್ಷತ್ರ ಇದೆ. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಆ 87 ಕಾಣಿಸುವುದೇ ಇಲ್ಲ. ಉದಾಹರಣೆಗೆ ಫಣಿ ಇದೆ, ಹಣಿಗೆ ಮೇಲೆ ನಕ್ಷತ್ರ. ಎರಡಕ್ಕೂ ಅರ್ಥ ಒಂದೇ ಬರೆದಿದ್ದಾರೆ, ಹೇಳಿದವರ ಬೀದಿ ಬೇರೆ ಬೇರೆ.

ಹಳೇ ಸರ್ವಿಸ್ ಇಂಜಿನಿಯರ್ · ಮಂಗಳವಾರ ಬೆಳಿಗ್ಗೆ 6:40

ಅವು ಅಳಿಸಿದ ದಾಖಲೆಗಳಪ್ಪಾ. ಡಿಬೇಸ್‌ನಲ್ಲಿ ಡಿಲೀಟ್ ಅಂದರೆ ತೆಗೆದುಹಾಕುವುದಲ್ಲ, ಮುಂದೆ ನಕ್ಷತ್ರ ಇಡುವುದು. ಪ್ಯಾಕ್ ಅಂತ ಕೊಟ್ಟಾಗ ಮಾತ್ರ ನಿಜವಾಗಿ ಹೋಗುತ್ತದೆ. ಇವರ ಅಪ್ಪ ಪ್ಯಾಕ್ ಕೊಟ್ಟಿಲ್ಲ. ಯಾಕೆ ಅಂತ ಅವರನ್ನೇ ಕೇಳಬೇಕು.

ಕಬ್ಬನ್‌ಪೇಟೆ ಮನೆ · ಶನಿವಾರ ರಾತ್ರಿ 10:15

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಇಂಜಿನಿಯರ್ ಸರ್ ಮನೆಗೆ ಬಂದಿದ್ದರು. ಜಿಸ್ಟ್ ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಲಾಟಿಗೆ ಎರಡು ಸಲ ಹಾಕಿ ತೆಗೆದು, ಮೂರನೇ ಸಲ ಗಟ್ಟಿಯಾಗಿ ಕೂರಿಸಿದರು. ಆನ್ ಮಾಡಿದಾಗ ಪರದೆಯ ಮೇಲೆ ಕನ್ನಡ ಬಂತು. ಅಕ್ಷರಗಳು ಸ್ವಲ್ಪ ದಪ್ಪ, ಮೂಲೆಗಳು ಮೆಟ್ಟಿಲು ಮೆಟ್ಟಿಲು. ಒತ್ತುಗಳೆಲ್ಲ ಸರಿಯಾಗಿ ಕೆಳಗೆ ಕೂತಿದ್ದವು.

ಅಪ್ಪನಿಗೆ ಈಗ 79. ಕಣ್ಣು ಮಂದ. ಕುರ್ಚಿ ಎಳೆದು ಕೂರಿಸಿದೆವು. ಕೀಬೋರ್ಡ್ ಹೊಸದು, ಅದರ ಮೇಲೆ ಕನ್ನಡ ಅಕ್ಷರಗಳಿಲ್ಲ. ಅಂಟಿಸಿ ಕೊಡಲಾ ಅಂತ ಕೇಳಿದೆ. ಬೇಡ ಅಂದರು. ಎಡಗೈ ಸ್ವರಕ್ಕೆ, ಬಲಗೈ ವ್ಯಂಜನಕ್ಕೆ ಇಟ್ಟರು. ಎನ್ ಒತ್ತಿದರು, ಲ. ಇ ಒತ್ತಿದರು, ಇಳಿ. ಶಿಫ್ಟ್ ಹಿಡಿದು ಮತ್ತೆ ಎನ್, ಳ. ಎಫ್, ಗುಡಿಸು. ಒಂದು ಸಲವೂ ಕೆಳಗೆ ನೋಡಲಿಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಅವರ ಬೆರಳಿನಲ್ಲೇ ಇತ್ತು.

ನಕ್ಷತ್ರದ ಪದಗಳ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪ್ರೆಸ್ಸಿನ ಅಭ್ಯಾಸ ಕಣೋ. ಒಂದು ವಸ್ತುವಿಗೆ ಒಂದೇ ಪದ ಇರಬೇಕು ಅನ್ನಿಸುತ್ತಿತ್ತು. ಎರಡು ಬೀದಿಯವರು ಎರಡು ಹೆಸರು ಹೇಳಿದರೆ ಒಂದನ್ನು ತೆಗೆಯುತ್ತಿದ್ದೆ. ರಾತ್ರಿ ಮಲಗಿದಾಗ ಹೇಳಿದವರ ಮುಖ ನೆನಪಾಗುತ್ತಿತ್ತು. ಅದಕ್ಕೇ ಪ್ಯಾಕ್ ಕೊಡಲಿಲ್ಲ" ಅಂದರು.

ನಮ್ಮ ಪರಿವರ್ತನೆಯ ಪ್ರಿಂಟ್ ಕೈಗೆ ಕೊಟ್ಟು, ಪರದೆ ಎದುರಿಗಿಟ್ಟು ನಾನು ಓದುತ್ತಾ ಹೋದೆ, ಅವರು ಕೇಳುತ್ತಾ ಹೋದರು. ಇವತ್ತಿಗೆ ಮೊದಲ 60 ಪದ ಆಯಿತು, ಮೂರು ತಪ್ಪು ಸಿಕ್ಕಿದವು. ಮೂರೂ ಹಲಂತ ಎರಡು ಸಲ ಬಂದ ಕಡೆ. ಬಿಇ ಮೂರನೇ ವರ್ಷದವರಿಗೆ ಕಳಿಸಿದ್ದೇನೆ.

ಆಮೇಲೆ ಅಪ್ಪ ನನ್ನ ಕೈ ಸರಿಸಿ ಡಿಬೇಸ್‌ನ ಚುಕ್ಕಿಯ ಮುಂದೆ ತಾವೇ ಟೈಪ್ ಮಾಡಿದರು: ರೀಕಾಲ್ ಆಲ್. ಡಿಸ್ಕ್ ಸ್ವಲ್ಪ ಹೊತ್ತು ಕಿರಕಿರ ಅಂದಿತು. 87 ದಾಖಲೆ ವಾಪಸ್ ಬಂದವು ಅಂತ ಪರದೆ ತೋರಿಸಿತು.

ಹಳೇ ಸರ್ವಿಸ್ ಇಂಜಿನಿಯರ್ · ಶನಿವಾರ ರಾತ್ರಿ 10:40

ಈಗಲೇ ಇನ್ನೊಂದು ಫ್ಲಾಪಿಗೆ ಕಾಪಿ ಮಾಡಿ, ನಾಳೆಗೆ ಇಡಬೇಡಿ. ಒಂದು ಹೆಚ್ಚಿನ 1 ಎಂಬಿ ರ‍್ಯಾಮ್ ಪಟ್ಟಿ ನನ್ನ ಡಬ್ಬದಲ್ಲಿ ಸಿಕ್ಕಿದೆ, ಸೋಮವಾರ ತರುತ್ತೇನೆ. ಹಣಿಗೆ ಅಂತ ಹೇಳಿದವರು ಯಾವ ಬೀದಿಯವರು ಅಂತ ಅಪ್ಪನನ್ನು ಕೇಳಿ ಇಟ್ಟಿರಿ.